ಅಪ್ಪನ ಹಳೆಯ ಸುಮೊ, ಮಗಳ ಹೊಸ ಲೈಸೆನ್ಸ್

ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದ ಮಕ್ಕಳಿಗೆ ನಮ್ಮಲ್ಲಿ ಮೊದಲು ಸಿಗುವುದು ಸಾಮಾನ್ಯವಾಗಿ ಅಪ್ಪನ ಹಳೆಯ ಗಾಡಿಯೇ. ಸುಮಂತ್ ಮೂಲ್‌ಗಾಂವ್‌ಕರ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತು 1994ರಲ್ಲಿ ಬಂದ ಟಾಟಾ ಸುಮೊದ ತಯಾರಿಕೆ 2019ರಲ್ಲಿ ನಿಂತಿತು. ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್ ಅದಕ್ಕೂ ಮೊದಲೇ, 2005ರಲ್ಲಿ ನಿಂತುಹೋಯಿತು. ತಯಾರಿಕೆ ನಿಂತರೂ ಗಾಡಿಗಳು ನಿಲ್ಲಲಿಲ್ಲ. ತೋಟದ ಮನೆಯ ಅಂಗಳದಲ್ಲಿ, ಹುಣಸೆಮರದ ನೆರಳಲ್ಲಿ ಇನ್ನೂ ಅವುಗಳನ್ನು ಕಾಣಬಹುದು.

ಹೊಸ ಕಾರುಗಳು ತಮ್ಮ ತೊಂದರೆಯನ್ನು ದೀಪ ಹೊತ್ತಿಸಿ, ಸದ್ದು ಮಾಡಿ ಹೇಳಿಕೊಳ್ಳುತ್ತವೆ. ಹಳೆಯ ಗಾಡಿಗೆ ಆ ಬಾಯಿಲ್ಲ. ಅದರ ಮೇಲೆ ಇವು ಎತ್ತರದ ಗಾಡಿಗಳು. ಕ್ಯಾರಿಯರ್ ಮೇಲೆ ಮೂಟೆ ಹೇರಿ ತಿರುವಿನಲ್ಲಿ ವೇಗ ಹೆಚ್ಚಿಸಿದರೆ ಮಗುಚುವ ಭಯ ಇದ್ದೇ ಇದೆ. ಹೆಚ್ಚಿನವುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹಾಗಾಗಿ ಕೀಲಿ ಕೊಡುವ ಮೊದಲು ಮಕ್ಕಳನ್ನು ಕರೆದುಕೊಂಡು ಗಾಡಿಗೆ ಒಂದು ಸುತ್ತು ಬನ್ನಿ.

ಮೊದಲು ಟೈರು. ‘ನಮ್ಮ ಗಾಡಿ ಹೆಚ್ಚು ಓಡಿಯೇ ಇಲ್ಲ, ಟೈರು ಹೊಸದರಂತಿದೆ’ ಎನ್ನುವವರು ಬಹಳ. ಆದರೆ ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕದಲ್ಲಿ ‘ಡಾಟ್’ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2318 ಎಂದಿದ್ದರೆ ಅದು 2018ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ದಾಟಿದ್ದರೆ ಯೋಚಿಸದೆ ಬದಲಾಯಿಸಿ, ಸ್ಟೆಪ್ನಿಯನ್ನೂ ಸೇರಿಸಿ. ಗಾಳಿಯನ್ನು ಬೆಳಿಗ್ಗೆ ಗಾಡಿ ಓಡಿಸುವ ಮುನ್ನ, ಟೈರು ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕೆಂಬುದು ಗಾಡಿಯ ಕೈಪಿಡಿಯಲ್ಲಿದೆ. ಗಾಳಿ ಹಾಕುವ ಹುಡುಗನ ಅಂದಾಜು ಬೇಡ.

ಇನ್ನು ಬ್ರೇಕು. ಬ್ರೇಕ್ ಆಯಿಲ್ ಕಡಿಮೆಯಾಗಿಲ್ಲ ಎಂದ ಮಾತ್ರಕ್ಕೆ ಅದು ಚೆನ್ನಾಗಿದೆ ಎಂದಲ್ಲ. ಅದು ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಬ್ರೇಕ್ ತುಳಿಯುತ್ತಲೇ ಇಳಿದಿರೆನ್ನಿ, ಆ ಕಾವಿಗೆ ತೇವ ಕುದಿದು ಆವಿಯಾಗುತ್ತದೆ. ಪೆಡಲು ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸುವ ಖರ್ಚು ದೊಡ್ಡದೇನಲ್ಲ. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೇವೋ ಸುಮಾರಾಗಿ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತನ್ನೂ ಮಕ್ಕಳಿಗೆ ಹೇಳಿಕೊಡಿ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವ ಹಿರಿಯರೂ ಇದ್ದಾರೆ! ಇಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಕೂಡ ಸ್ವಲ್ಪ ಹೊತ್ತಿನಲ್ಲೇ ಸೋಲುತ್ತದೆ, ಪೆಡಲು ಕಲ್ಲಿನಂತಾಗುತ್ತದೆ.

ಬಾನೆಟ್ ಕೆಳಗೆ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ ಉಂಟು. ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಡೀಸೆಲ್ ಇಂಜಿನ್ನಿನ ಆಯಿಲ್ ಬೇಗ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ; ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು, ಮುಖ ಸುಟ್ಟೀತು. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಹೊರಬಿಡುವುದನ್ನು ಒಮ್ಮೆ ಮೆಕ್ಯಾನಿಕ್ ಬಳಿ ನೋಡಿ ಕಲಿತರೆ ಸಾಕು. ಚಳಿಯ ಬೆಳಗಿನಲ್ಲಿ ಹೀಟರ್ ದೀಪ ಆರುವ ತನಕ ಕಾಯ್ದು ಸ್ಟಾರ್ಟ್ ಮಾಡಿ.

ಸೀಟು, ಕನ್ನಡಿಗಳು ಅಪ್ಪನ ಎತ್ತರಕ್ಕೆ ಹೊಂದಿಸಿದವು. ಮಗಳು ಕುಳಿತಾಗ ಕ್ಲಚ್ಚನ್ನು ಪೂರ್ತಿ ಒತ್ತಿದರೂ ಮಂಡಿ ಸ್ವಲ್ಪ ಮಡಚಿರಬೇಕು. ಹಿಂದೆ ಜನ ತುಂಬಿದಾಗ ಗಾಡಿಯ ಮೂತಿ ಮೇಲೆದ್ದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬೆಳಕು ತಗ್ಗಿಸುವ ಗುಂಡಿ ಕೆಲವು ಗಾಡಿಗಳಲ್ಲಿದೆ. ಇಲ್ಲದವರು ಗ್ಯಾರೇಜಿನಲ್ಲಿ ಸರಿಮಾಡಿಸಬೇಕು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರ್ ಇದ್ದರೆ ಅದನ್ನು ಕೆಸರಿಗೆ ಇಟ್ಟುಕೊಳ್ಳಿ, ಒಣ ಡಾಂಬರಿನ ಮೇಲೆ ಹಾಕಬೇಡಿ.

ಕಾಗದಪತ್ರದ ಮಾತೂ ಇದೆ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮತ್ತೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಹದಿನೆಂಟಾಗದ ಮಗನ ಕೈಗೆ ‘ಊರೊಳಗೆ ತಾನೆ’ ಎಂದು ಸ್ಟಿಯರಿಂಗ್ ಕೊಡುವ ತಂದೆಯರು 2019ರ ತಿದ್ದುಪಡಿಯನ್ನು ತಿಳಿದಿರಲಿ: ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಡಿ. ಆಯಿಲ್ ಬದಲಿಸಿದ ದಿನ, ಆಗಿನ ಕಿಲೋಮೀಟರ್, ಟೈರಿನ ಆ ನಾಲ್ಕು ಅಂಕಿ ಎಲ್ಲವೂ ಅದರಲ್ಲಿರಲಿ. ಬರೆಯುವ ಕೆಲಸವನ್ನು ಗಾಡಿ ಕೇಳುವ ಮಕ್ಕಳಿಗೇ ವಹಿಸಿ.