ಗ್ರಾಮ ಪಂಚಾಯಿತಿ ಜಾಲತಾಣಕ್ಕೆ ಫೀಡ್ ಮೂಲಕ ಮಾಹಿತಿ ತರುವ ವಿಧಾನ: ಸದಸ್ಯರು ತಿಳಿದಿರಬೇಕಾದ ಅಂಶಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ, ಯಾರೂ ಅರ್ಜಿ ಸಲ್ಲಿಸದಿದ್ದರೂ, ತನ್ನ ಕಾರ್ಯಚಟುವಟಿಕೆಗಳ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕು. ಸಹಾಯಧನ ಕಾರ್ಯಕ್ರಮಗಳ ಅನುಷ್ಠಾನ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರಗಳೂ ಇದರಲ್ಲಿ ಸೇರಿವೆ. ಪ್ರಕರಣ 4(2) ಇಂತಹ ಮಾಹಿತಿಯನ್ನು ಅಂತರ್ಜಾಲವೂ ಸೇರಿದಂತೆ ವಿವಿಧ ಮಾಧ್ಯಮಗಳ ಮೂಲಕ ನಿಯತವಾಗಿ ಒದಗಿಸಬೇಕೆಂದು ಹೇಳುತ್ತದೆ.

ಕಚೇರಿಯ ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸುವುದು ಸುಲಭ. ಆದರೆ ಜಾಲತಾಣದಲ್ಲಿ ಪ್ರತಿದಿನದ ಮಾರುಕಟ್ಟೆ ದರ, ಮಳೆ ಪ್ರಮಾಣ, ಕಾಮಗಾರಿಗಳ ಪ್ರಗತಿ ಮುಂತಾದವುಗಳನ್ನು ಸಿಬ್ಬಂದಿ ಕೈಯಿಂದಲೇ ಬೆರಳಚ್ಚು ಮಾಡಬೇಕೆಂದರೆ, ಆ ಕೆಲಸ ಕೆಲವು ದಿನ ನಡೆದು ನಿಂತುಹೋಗುತ್ತದೆ. ಈ ತೊಡಕಿಗೆ ಒಂದು ಪರಿಹಾರವೆಂದರೆ, ಇಲಾಖೆಗಳು ಈಗಾಗಲೇ ಪ್ರಕಟಿಸುತ್ತಿರುವ ದತ್ತಾಂಶವನ್ನು ಪ್ಲಗಿನ್ ಎಂಬ ತಂತ್ರಾಂಶದ ಮೂಲಕ ನೇರವಾಗಿ ಜಾಲತಾಣದ ಬರಹಗಳಾಗಿ ಪರಿವರ್ತಿಸುವುದು. ಜೋಡಣೆಯ ಕೆಲಸವನ್ನು ತಂತ್ರಜ್ಞರು ಮಾಡುತ್ತಾರೆ. ಆದರೆ ಯಾವ ಮಾಹಿತಿ ಬರಬೇಕು, ಯಾವುದು ಬರಬಾರದು, ತಪ್ಪಾದರೆ ಉತ್ತರ ಕೊಡುವವರು ಯಾರು ಎಂಬುದನ್ನು ತೀರ್ಮಾನಿಸಬೇಕಾದುದು ಪಂಚಾಯಿತಿಯೇ. ಆ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆಯನ್ನು ಇಲ್ಲಿ ನೀಡಲಾಗಿದೆ.

1. ಫೀಡ್ ಮತ್ತು ಪ್ಲಗಿನ್

ಫೀಡ್ ಎಂದರೆ ಕಂಪ್ಯೂಟರ್ ಓದಿಕೊಳ್ಳಲು ಅನುಕೂಲವಾಗುವಂತೆ ಕ್ರಮಬದ್ಧವಾಗಿ ಜೋಡಿಸಿದ ಮಾಹಿತಿಯ ಕಡತ. ನಮ್ಮ ರಿಜಿಸ್ಟರ್‌ಗಳಲ್ಲಿ ಅಡ್ಡಸಾಲು ಮತ್ತು ಕಾಲಂಗಳಿರುವಂತೆಯೇ ಫೀಡ್‌ನಲ್ಲಿಯೂ ಪ್ರತಿ ದಾಖಲೆಗೆ ಒಂದು ಸಾಲು, ಪ್ರತಿ ವಿವರಕ್ಕೆ ಒಂದು ಕಾಲಂ ಇರುತ್ತದೆ. ಸಿಎಸ್‌ವಿ, ಎಕ್ಸ್‌ಎಂಎಲ್, ಜೇಸನ್ ಎಂಬವು ಇಂತಹ ಕಡತಗಳ ರೂಪಗಳು. ಸುದ್ದಿ ತಾಣಗಳು ಬಳಸುವ ಆರ್‌ಎಸ್‌ಎಸ್ ಎಂಬುದು ಎಕ್ಸ್‌ಎಂಎಲ್‌ನದೇ ಒಂದು ಬಗೆ.

ವರ್ಡ್‌ಪ್ರೆಸ್ ಆಧಾರಿತ ಜಾಲತಾಣದಲ್ಲಿ ಪ್ರತಿ ಬರಹಕ್ಕೂ ಶೀರ್ಷಿಕೆ, ಒಡಲು, ದಿನಾಂಕ ಎಂಬ ಸಿದ್ಧ ಅಂಕಣಗಳಿರುತ್ತವೆ. ಇವುಗಳಲ್ಲದೆ ನಮಗೆ ಬೇಕಾದ ಹೆಚ್ಚುವರಿ ಅಂಕಣಗಳನ್ನೂ ಸೇರಿಸಿಕೊಳ್ಳಬಹುದು. ಇವುಗಳಿಗೆ ಕಸ್ಟಮ್ ಫೀಲ್ಡ್ ಎಂದು ಹೆಸರು. ‘ಡಬ್ಲ್ಯುಪಿ ಆಲ್ ಇಂಪೋರ್ಟ್’ನಂತಹ ಪ್ಲಗಿನ್, ಫೀಡ್‌ನ ಯಾವ ಕಾಲಂ ಬರಹದ ಯಾವ ಅಂಕಣಕ್ಕೆ ಸೇರಬೇಕೆಂದು ಒಮ್ಮೆ ಹೊಂದಿಸಿಕೊಟ್ಟರೆ, ಅದರಂತೆ ಪ್ರತಿ ಸಾಲನ್ನೂ ಒಂದೊಂದು ಬರಹವಾಗಿ ಮಾಡುತ್ತದೆ. ಇಂತಹ ಪ್ಲಗಿನ್‌ಗಳ ಉಚಿತ ಆವೃತ್ತಿ ಮತ್ತು ಹಣ ಕೊಟ್ಟು ಪಡೆಯುವ ಆವೃತ್ತಿಗಳಲ್ಲಿ ಸೌಲಭ್ಯಗಳು ಬೇರೆ ಬೇರೆಯಾಗಿರುತ್ತವೆ. ಆದ್ದರಿಂದ ವೆಚ್ಚದ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ ಯಾವ ಸೌಲಭ್ಯಕ್ಕಾಗಿ ಹಣ ಕೊಡಲಾಗುತ್ತಿದೆ ಎಂದು ಕೇಳುವುದು ಸೂಕ್ತ.

2. ಒಂದು ಉದಾಹರಣೆ: ಮೆಕ್ಕೆಜೋಳದ ದರ

ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ದೇಶದ ಕೃಷಿ ಮಾರುಕಟ್ಟೆಗಳ ದೈನಂದಿನ ದರ ಪ್ರಕಟವಾಗುತ್ತದೆ. ನೋಂದಾಯಿಸಿಕೊಂಡು ಎಪಿಐ ಕೀ ಎಂಬ ಗುರುತನ್ನು ಪಡೆದವರು ಇದನ್ನು ಫೀಡ್ ರೂಪದಲ್ಲಿ ಬಳಸಬಹುದು. ಅದರಲ್ಲಿ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಉತ್ಪನ್ನ, ತಳಿ, ಆವಕದ ದಿನಾಂಕ, ಕನಿಷ್ಠ ದರ, ಗರಿಷ್ಠ ದರ ಮತ್ತು ಮಾದರಿ ದರ ಎಂಬ ಕಾಲಂಗಳಿವೆ. ದರಗಳೆಲ್ಲವೂ ಕ್ವಿಂಟಲ್ ಒಂದಕ್ಕೆ ರೂಪಾಯಿಗಳಲ್ಲಿ ಇರುತ್ತವೆ.

ಇಲ್ಲಿ ‘ಮಾದರಿ ದರ’ ಎಂದರೆ ಆ ದಿನ ಹೆಚ್ಚು ಮಾಲು ಮಾರಾಟವಾದ ದರ. ‘ಗರಿಷ್ಠ ದರ’ ಒಂದೆರಡು ಉತ್ತಮ ಲಾಟ್‌ಗಳಿಗೆ ಮಾತ್ರ ದೊರೆತಿರಬಹುದು. ಹೊಂದಿಸುವವರು ಕೈತಪ್ಪಿ ಗರಿಷ್ಠ ದರದ ಕಾಲಂ ಅನ್ನು ‘ಇಂದಿನ ದರ’ ಎಂಬ ಅಂಕಣಕ್ಕೆ ಸೇರಿಸಿದರೆ ಜಾಲತಾಣದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆದರೆ ಅದನ್ನು ನಂಬಿ ಬಾಡಿಗೆ ವಾಹನದಲ್ಲಿ ಮಾಲು ಹೇರಿಕೊಂಡು ಹೋದ ರೈತನಿಗೆ ಮಾರುಕಟ್ಟೆಯಲ್ಲಿ ಆ ದರ ಸಿಗುವುದಿಲ್ಲ. ಆದಕಾರಣ ಮೊದಲ ಹತ್ತು ಬರಹಗಳನ್ನಾದರೂ ಮೂಲದೊಂದಿಗೆ ಅಂಕಣವಾರು ತಾಳೆ ನೋಡಿದ ಮೇಲೆಯೇ ಸಾರ್ವಜನಿಕರಿಗೆ ತೆರೆಯಬೇಕು. ಮೂಲದ ಹೆಸರನ್ನು ಪ್ರತಿ ಬರಹದಲ್ಲಿಯೂ ನಮೂದಿಸಬೇಕು; ಸರ್ಕಾರದ ಮುಕ್ತ ದತ್ತಾಂಶ ಪರವಾನಗಿಯೂ ಇದನ್ನೇ ಬಯಸುತ್ತದೆ.

3. ಊರಿನ ಹೆಸರಿನಿಂದ ಸೋಸುವಾಗ

ಫೀಡ್‌ನಲ್ಲಿ ಇಡೀ ರಾಜ್ಯದ ಅಥವಾ ದೇಶದ ದಾಖಲೆಗಳಿರುತ್ತವೆ. ನಮಗೆ ಬೇಕಾದ ಸಾಲುಗಳನ್ನು ಮಾತ್ರ ಸೋಸಿ ತೆಗೆಯಬೇಕಾಗುತ್ತದೆ. ಈ ಐದು ತಾಲ್ಲೂಕುಗಳಲ್ಲಿ ಇದು ವಿಶೇಷ ಎಚ್ಚರಿಕೆಯನ್ನು ಬೇಡುವ ಕೆಲಸ.

ವಿಜಯನಗರ ಜಿಲ್ಲೆ ರಚನೆಯಾದದ್ದು 2021ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳು ಬಳ್ಳಾರಿ ಜಿಲ್ಲೆಯ ಹೆಸರಿನಲ್ಲಿರುತ್ತವೆ. ಆ ಜಿಲ್ಲೆಯ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರ್ 1ರಿಂದ ಬದಲಾಗಿದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮರಳಿ ಬಳ್ಳಾರಿಗೆ ಬಂದು, ಅನಂತರ ವಿಜಯನಗರದ ಭಾಗವಾಯಿತು. ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಕೂಡ್ಲಿಗಿಯಲ್ಲಿತ್ತು. ಹೀಗಿರುವಾಗ ‘ಜಿಲ್ಲೆ: ವಿಜಯನಗರ’ ಎಂಬ ಒಂದೇ ಷರತ್ತು ಹಾಕಿದರೆ ಹಳೆಯ ದಾಖಲೆಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ಇದಕ್ಕೆ ತದ್ವಿರುದ್ಧವಾದ ತೊಡಕೂ ಉಂಟು. ‘ಹಡಗಲಿ’ ಎಂಬ ಪದವಿರುವ ಸಾಲುಗಳೆಲ್ಲವೂ ಬರಲಿ ಎಂದು ಸೂಚಿಸಿದರೆ ಹೂವಿನಹಡಗಲಿಯ ಜೊತೆಗೆ ಹಿರೇಹಡಗಲಿಯ ದಾಖಲೆಗಳೂ ಬಂದು ಸೇರುತ್ತವೆ. ಮಾಗಳದಂತಹ ಚಿಕ್ಕ ಹೆಸರನ್ನು ಕೂಡ ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯಬಹುದು. ಆದ್ದರಿಂದ ಗ್ರಾಮ ಅಥವಾ ಪಂಚಾಯಿತಿವಾರು ಫೀಡ್‌ಗಳಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆಯನ್ನು ಆಧರಿಸುವುದು ಕ್ಷೇಮಕರ. ಕೇಂದ್ರ ಪಂಚಾಯತ್ ರಾಜ್ ಮಂತ್ರಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ಪ್ರತ್ಯೇಕ ಎಲ್‌ಜಿಡಿ ಸಂಖ್ಯೆ ಇದೆ. ಫೀಡ್‌ನಲ್ಲಿ ಆ ಕಾಲಂ ಇದ್ದಲ್ಲಿ ಅದನ್ನೇ ಬಳಸಬೇಕು.

4. ಪ್ರತಿ ದಾಖಲೆಗೆ ಒಂದು ಖಚಿತ ಗುರುತು

ಪ್ಲಗಿನ್ ಎರಡನೆಯ ಬಾರಿ ಫೀಡ್ ಓದುವಾಗ ‘ಈ ಸಾಲು ಹೊಸದೋ, ಹಿಂದೆ ಬಂದದ್ದೋ’ ಎಂದು ತಿಳಿಯಲು ಅದಕ್ಕೊಂದು ವಿಶಿಷ್ಟ ಗುರುತು ಬೇಕು. ಕಾಮಗಾರಿಗೆ ಕಾಮಗಾರಿ ಸಂಖ್ಯೆ, ಅರ್ಜಿಗೆ ಅರ್ಜಿ ಸಂಖ್ಯೆ ಇಂತಹ ಗುರುತುಗಳು. ದರಪಟ್ಟಿಯಲ್ಲಿ ಅಂತಹ ಸಂಖ್ಯೆ ಇಲ್ಲದಿದ್ದರೆ ಮಾರುಕಟ್ಟೆ, ಉತ್ಪನ್ನ, ತಳಿ ಮತ್ತು ದಿನಾಂಕಗಳನ್ನು ಜೋಡಿಸಿ ಗುರುತು ಮಾಡಿಕೊಳ್ಳಬಹುದು.

ವ್ಯಕ್ತಿಯ ಹೆಸರನ್ನು ಮಾತ್ರ ಎಂದಿಗೂ ಗುರುತಾಗಿ ಬಳಸಬಾರದು. ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಮ್ಮೊಮ್ಮೆ ತಂದೆಯ ಹೆಸರೂ ಒಂದೇ ಆಗಿರುವ ಹಲವರು ಇರುವುದು ಎಲ್ಲ ಸದಸ್ಯರಿಗೂ ತಿಳಿದದ್ದೇ. ಹೆಸರೇ ಗುರುತಾದರೆ ಎರಡನೆಯವರ ದಾಖಲೆ ಮೊದಲನೆಯವರ ದಾಖಲೆಯ ಮೇಲೆ ಬಂದು ಕೂರುತ್ತದೆ. ಮನೆ ಮಂಜೂರಾದವರ ಪಟ್ಟಿಯಲ್ಲಿ ಹೀಗಾದರೆ ಅರ್ಹ ಕುಟುಂಬವೊಂದು ಪಟ್ಟಿಯಿಂದಲೇ ಮರೆಯಾಗುತ್ತದೆ. ಗ್ರಾಮಸಭೆಯಲ್ಲಿ ಅನುಮಾನಕ್ಕೆ ಎಡೆಯಾಗುತ್ತದೆ.

5. ಅಕ್ಷರ, ಅಂಕಿ ಮತ್ತು ದಿನಾಂಕ

ಕಚೇರಿಗಳಲ್ಲಿರುವ ಹಳೆಯ ಕಡತಗಳು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿರಬಹುದು. ಅವುಗಳನ್ನು ಹಾಗೆಯೇ ತಂದರೆ ಜಾಲತಾಣದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ಪರಿಶೀಲಿಸಿ, ಯುಟಿಎಫ್-8 ರೂಪದಲ್ಲಿ ಉಳಿಸಿ, ಅನಂತರ ಪ್ಲಗಿನ್‌ಗೆ ಕೊಡಬೇಕು.

ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವಾಗ ಸಂಖ್ಯೆಯ ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಹದಿನೈದು ಅಂಕಿಗಳಿಗಿಂತ ಉದ್ದದ ಸಂಖ್ಯೆಗಳಲ್ಲಿ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಆದ್ದರಿಂದ ಸಂಕೇತ ಸಂಖ್ಯೆಗಳಿರುವ ಕಾಲಂ ಅನ್ನು ಮೊದಲೇ ‘ಪಠ್ಯ’ ಎಂದು ಗೊತ್ತುಪಡಿಸಿಕೊಳ್ಳಬೇಕು.

ದಿನಾಂಕದ ವಿಷಯವೂ ಹಾಗೆಯೇ. 05/06/2025 ಎಂದರೆ ನಮಗೆ ಜೂನ್ 5. ಆದರೆ ಹಲವು ತಂತ್ರಾಂಶಗಳು ಓರೆಗೆರೆಯ ದಿನಾಂಕವನ್ನು ಅಮೆರಿಕದ ಪದ್ಧತಿಯಂತೆ ಮೇ 6 ಎಂದು ಓದುತ್ತವೆ. ದಿನ 12ಕ್ಕಿಂತ ಹೆಚ್ಚಿದ್ದಾಗ ದೋಷ ಎದ್ದು ಕಾಣುತ್ತದೆ. ತಿಂಗಳ ಮೊದಲ 12 ದಿನಗಳಲ್ಲಿ ಕಾಣುವುದೇ ಇಲ್ಲ. ಬರಹದ ದಿನಾಂಕವಾಗಿ ತೋರಬೇಕಾದುದು ಮಾಹಿತಿಯ ದಿನಾಂಕವೇ ಹೊರತು ಪ್ಲಗಿನ್ ಅದನ್ನು ತಂದ ದಿನವಲ್ಲ ಎಂಬುದನ್ನೂ ಗಮನಿಸಬೇಕು.

6. ಹಳತಾದ ಮಾಹಿತಿಯ ಅಪಾಯ

ಫೀಡ್ ನಿಂತುಹೋದರೆ ಜಾಲತಾಣ ಖಾಲಿಯಾಗುವುದಿಲ್ಲ. ಕೊನೆಯ ಬಾರಿ ಬಂದದ್ದೇ ಉಳಿದಿರುತ್ತದೆ. ನೋಡುವವರು ಅದನ್ನೇ ಇಂದಿನ ಮಾಹಿತಿ ಎಂದು ತಿಳಿಯುತ್ತಾರೆ. ವರ್ಡ್‌ಪ್ರೆಸ್‌ನ ಒಳಗಿನ ವೇಳಾಪಟ್ಟಿ ವ್ಯವಸ್ಥೆಗೆ ಇನ್ನೊಂದು ಗುಣವಿದೆ: ಯಾರಾದರೂ ಜಾಲತಾಣ ತೆರೆದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ದಿನಕ್ಕೆ ನಾಲ್ಕಾರು ಮಂದಿ ನೋಡುವ ಗ್ರಾಮ ಪಂಚಾಯಿತಿ ತಾಣದಲ್ಲಿ ಬೆಳಗಿನ ಆರು ಗಂಟೆಯ ಕೆಲಸ ಮಧ್ಯಾಹ್ನದವರೆಗೂ ನಡೆಯದೇ ಇರಬಹುದು. ಸರ್ವರ್‌ನಲ್ಲಿಯೇ ಕ್ರಾನ್ ಎಂಬ ವೇಳಾಪಟ್ಟಿ ಹಾಕಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ.

ಮಾಗಳದಂತಹ ತುಂಗಭದ್ರಾ ತೀರದ ಗ್ರಾಮಗಳಿಗೆ ಈ ಅಂಶ ಅತಿಮುಖ್ಯ. ನದಿಯ ನೀರಿನ ಮಟ್ಟ, ಮಳೆ ಪ್ರಮಾಣಗಳನ್ನು ಫೀಡ್ ಮೂಲಕ ತೋರಿಸುವುದು ಉಪಯುಕ್ತವೇ. ಆದರೆ ನಿನ್ನೆಯ ಅಂಕಿ ಇಂದಿನದೆಂಬಂತೆ ಕಂಡರೆ ದಡದ ಜಮೀನಿಗೆ ಪಂಪ್‌ಸೆಟ್ ತೆಗೆಯಲು ಇಳಿಯುವವರ ಪ್ರಾಣಕ್ಕೇ ಅಪಾಯ. ಅಂತಹ ಪ್ರತಿ ಬರಹದ ಮೇಲ್ಭಾಗದಲ್ಲಿ ‘ಕೊನೆಯ ಮಾಹಿತಿ: ದಿನಾಂಕ, ಗಂಟೆ’ ಎಂಬ ಸಾಲು ಇರಬೇಕು. ಪ್ರವಾಹದ ಎಚ್ಚರಿಕೆಯನ್ನು ಡಂಗುರ, ಧ್ವನಿವರ್ಧಕ ಮತ್ತು ದೂರವಾಣಿ ಮೂಲಕ ನೀಡುವ ವ್ಯವಸ್ಥೆಯನ್ನು ಜಾಲತಾಣ ಇದೆಯೆಂಬ ಕಾರಣಕ್ಕೆ ಕೈಬಿಡಬಾರದು.

7. ಪ್ರಕಟಿಸಬಾರದ ಕಾಲಂಗಳು ಮತ್ತು ಅಳಿಸುವಿಕೆ

ಫಲಾನುಭವಿಗಳ ವಿವರ ಪ್ರಕಟಿಸಬೇಕೆಂದರೆ ಕಡತದಲ್ಲಿರುವ ಎಲ್ಲವನ್ನೂ ಪ್ರಕಟಿಸಬೇಕೆಂದು ಅರ್ಥವಲ್ಲ. ಆಧಾರ್ ಅಧಿನಿಯಮ, 2016ರ ಪ್ರಕರಣ 29(4) ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ನಿರ್ಬಂಧಿಸುತ್ತದೆ. ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಕಾಯಿಲೆ ಅಥವಾ ಅಂಗವೈಕಲ್ಯದ ವಿವರಗಳನ್ನೂ ಜಾಲತಾಣಕ್ಕೆ ಹಾಕಬಾರದು. ಇಂತಹ ಕಾಲಂಗಳನ್ನು ಪ್ಲಗಿನ್‌ನಲ್ಲಿ ‘ತೋರಿಸಬೇಡ’ ಎಂದು ಮರೆಮಾಡಿದರೆ ಸಾಲದು. ಕಡತ ಸರ್ವರ್‌ನಲ್ಲಿಯೇ ಉಳಿದಿರುತ್ತದೆ. ಆಮದಿಗೆ ಮುನ್ನವೇ ಕಡತದಿಂದ ತೆಗೆದುಹಾಕಬೇಕು.

ಮೂಲ ಕಡತದಲ್ಲಿ ಇಲ್ಲವಾದ ದಾಖಲೆಯ ಬರಹವನ್ನು ತಾನಾಗಿಯೇ ಅಳಿಸುವ ಆಯ್ಕೆಯೂ ಪ್ಲಗಿನ್‌ಗಳಲ್ಲಿ ಇರುತ್ತದೆ. ಮಾರುಕಟ್ಟೆ ದರಕ್ಕೆ ಇದು ಸರಿಹೋಗಬಹುದು. ಕಾಮಗಾರಿ ಮತ್ತು ಫಲಾನುಭವಿ ಪಟ್ಟಿಗಳಿಗೆ ಇದನ್ನು ಬಳಸಬಾರದು. ಒಂದು ದಿನ ಮೂಲ ಕಡತ ಅರ್ಧವೇ ಬಂದರೂ ಉಳಿದರ್ಧ ಪಟ್ಟಿ ಅಳಿಸಿಹೋಗುತ್ತದೆ. ಅಂತಹ ದಾಖಲೆಗಳನ್ನು ‘ಕರಡು’ ಸ್ಥಿತಿಗೆ ತಂದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಕಾರಣ ಪರಿಶೀಲಿಸಿದ ನಂತರವೇ ಮುಂದಿನ ಕ್ರಮ ಕೈಗೊಳ್ಳುವುದು ಉಚಿತ.

8. ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಫೀಡ್ ಜೋಡಣೆಯ ವಿಷಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆದು ನಡವಳಿಯಲ್ಲಿ ದಾಖಲಿಸುವುದು ಒಳ್ಳೆಯದು.

(ಅ) ಮಾಹಿತಿಯ ಮೂಲ ಯಾವುದು? ಅದು ಎಷ್ಟು ದಿನಕ್ಕೊಮ್ಮೆ ನವೀಕರಣಗೊಳ್ಳುತ್ತದೆ?
(ಆ) ಯಾವ ಕಾಲಂ ಯಾವ ಅಂಕಣಕ್ಕೆ ಸೇರುತ್ತದೆ ಎಂಬ ಪಟ್ಟಿ ಕಚೇರಿಯಲ್ಲಿ ಮುದ್ರಿತ ರೂಪದಲ್ಲಿದೆಯೇ?
(ಇ) ದಾಖಲೆಯ ಗುರುತಾಗಿ ಏನನ್ನು ಬಳಸಲಾಗಿದೆ?
(ಈ) ವೈಯಕ್ತಿಕ ವಿವರಗಳನ್ನು ಆಮದಿಗೆ ಮುನ್ನವೇ ತೆಗೆಯಲಾಗಿದೆಯೇ?
(ಉ) ಫೀಡ್ ನಿಂತರೆ ಯಾರಿಗೆ ಸೂಚನೆ ಬರುತ್ತದೆ? ತಪ್ಪು ಕಂಡುಬಂದಲ್ಲಿ ಗ್ರಾಮಸ್ಥರು ಯಾರಿಗೆ ತಿಳಿಸಬೇಕು?
(ಊ) ಜಾಲತಾಣದ ಪ್ರವೇಶಪದ ಮತ್ತು ಎಪಿಐ ಕೀ ಪಂಚಾಯಿತಿಯ ಸುಪರ್ದಿಯಲ್ಲಿವೆಯೇ, ಗುತ್ತಿಗೆದಾರರ ಬಳಿ ಮಾತ್ರ ಇವೆಯೇ?

ಕೊನೆಯದಾಗಿ, ಮಾಹಿತಿ ಹಕ್ಕು ಅಧಿನಿಯಮದ ಪ್ರಕರಣ 4(4) ಮಾಹಿತಿ ನೀಡುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ವಿಧಾನವನ್ನೂ ಗಮನದಲ್ಲಿರಿಸಿಕೊಳ್ಳಬೇಕೆಂದು ತಿಳಿಸುತ್ತದೆ. ಮೊಬೈಲ್ ಇಲ್ಲದ ಮನೆಗಳೂ, ಓದು ಬಾರದ ಹಿರಿಯರೂ ನಮ್ಮ ಗ್ರಾಮಗಳಲ್ಲಿದ್ದಾರೆ. ಆದ್ದರಿಂದ ಜಾಲತಾಣಕ್ಕೆ ಬಂದ ಪಟ್ಟಿಯ ಮುದ್ರಿತ ಪ್ರತಿಯನ್ನು ಸೂಚನಾ ಫಲಕಕ್ಕೆ ಹಾಕಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುವುದು ಅವಶ್ಯಕ. ಯಂತ್ರ ಗಮನಿಸದ ತಪ್ಪನ್ನು ಆ ಊರಿನವರೇ ಮೊದಲು ಗುರುತಿಸುತ್ತಾರೆ. ಹಾಗೆ ಗುರುತಿಸಿದ ತಪ್ಪನ್ನು ಜಾಲತಾಣದಲ್ಲಿ ಮಾತ್ರ ತಿದ್ದಿದರೆ ಮುಂದಿನ ಆಮದಿನಲ್ಲಿ ಅದೇ ತಪ್ಪು ಮರಳಿ ಬರುವುದರಿಂದ, ಮೂಲ ದಾಖಲೆಯನ್ನು ಹೊಂದಿರುವ ಇಲಾಖೆಗೆ ಬರೆದು ಅಲ್ಲಿಯೇ ಸರಿಪಡಿಸಿಕೊಳ್ಳತಕ್ಕದ್ದು.