ಹರಿದ ಮೊಣಕಾಲಿನ ಮೆತ್ತೆ: ಹೊಲಿಯುವುದೋ, ಕತ್ತರಿಸುವುದೋ?

ಮಾನವನ ಮೊಣಕಾಲಿನಲ್ಲಿ ತೊಡೆಯೆಲುಬಿಗೂ ಅದರ ಕೆಳಗಣ ಜಂಘಾಸ್ಥಿಗೂ ನಡುವೆ ಅರ್ಧಚಂದ್ರಾಕಾರವಾದ ಎರಡು ಮೆತ್ತೆಗಳಿರುತ್ತವೆ. ವೈದ್ಯಶಾಸ್ತ್ರವು ಇವನ್ನು ಮೆನಿಸ್ಕಸ್ ಎಂದು ಕರೆಯುತ್ತದೆ. ದೇಹದ ಭಾರವನ್ನು ಹಂಚಿ, ಕೀಲು ಸವೆಯದಂತೆ ಕಾಪಾಡುವುದು ಇವುಗಳ ಧರ್ಮ. ಆಟದ ಬಯಲಿನಲ್ಲಿ ಕಾಲು ತಿರುಚಿದಾಗ ಇವು ಹರಿಯುವುದುಂಟು. ಹರಿದುದನ್ನು ಕತ್ತರಿಸಿ ತೆಗೆಯಬೇಕೋ, ಹೊಲಿದು ಉಳಿಸಬೇಕೋ ಎಂಬುದು ಶಸ್ತ್ರವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ವಾಚಕರು ಭಾವಿಸಲಾಗದು. ಆ ನಿರ್ಣಯದ ಫಲವನ್ನು ಬಾಳಿನುದ್ದಕ್ಕೂ ಅನುಭವಿಸತಕ್ಕವನು ರೋಗಿಯೇ.

ಹೊಲಿಗೆಯು ಹೊಸ ವಿದ್ಯೆಯೇನೂ ಅಲ್ಲ. ೧೮೮೩ರಲ್ಲಿಯೇ ಎಡಿನ್‌ಬರೋ ನಗರದ ಥಾಮಸ್ ಅನಾಂಡೇಲ್ ಎಂಬ ಶಸ್ತ್ರವೈದ್ಯರು ಗಣಿಯ ಕೆಲಸಗಾರನೊಬ್ಬನ ಮೊಣಕಾಲನ್ನು ತೆರೆದು, ಸ್ಥಾನದಿಂದ ಕಿತ್ತಿದ್ದ ಮೆತ್ತೆಯನ್ನು ಹೊಲಿದು ನಿಲ್ಲಿಸಿದ್ದರು. ಆದರೆ ೧೮೯೭ರಲ್ಲಿ ಲಂಡನ್ನಿನ ಬ್ಲ್ಯಾಂಡ್ ಸಟನ್ ಅವರು, ಈ ಮೆತ್ತೆಗಳು ಕಾಲಿನ ಸ್ನಾಯುವೊಂದರ ನಿರುಪಯುಕ್ತ ಅವಶೇಷಗಳೆಂದು ಬರೆದರು. ಬಲ್ಲವರ ಮಾತನ್ನು ಲೋಕವು ನಂಬಿತು. ಹಲವು ದಶಕಗಳ ಕಾಲ ಹರಿದುದನ್ನು ಸಮೂಲವಾಗಿ ತೆಗೆಯುವುದೇ ಪದ್ಧತಿಯಾಯಿತು. ರೋಗಿಯು ಬೇಗನೆ ಎದ್ದು ನಡೆದನು, ವೈದ್ಯನು ಕಾರ್ಯಸಿದ್ಧಿಯಾಯಿತೆಂದನು. ೧೯೪೮ರಲ್ಲಿ ಫೇರ್‌ಬ್ಯಾಂಕ್ ಅವರು, ಮೆತ್ತೆಯನ್ನು ಕಳೆದುಕೊಂಡ ಕೀಲಿನ ಎಡೆಯು ಕಿರಿದಾಗುವುದನ್ನೂ ತೊಡೆಯೆಲುಬಿನ ತುದಿಯು ಚಪ್ಪಟೆಯಾಗುವುದನ್ನೂ ಎಕ್ಸ್‌ರೇ ಚಿತ್ರಗಳಿಂದ ತೋರಿಸಿದ ಮೇಲೆಯೇ ಆ ಸಿದ್ಧಿಯ ಬೆಲೆ ತಿಳಿಯತೊಡಗಿತು.

ಹಾಗಾದರೆ ಎಲ್ಲವನ್ನೂ ಹೊಲಿಯಬಾರದೇಕೆ? ಉತ್ತರವು ರಕ್ತಸಂಚಾರದಲ್ಲಿದೆ. ಮೆತ್ತೆಯ ಹೊರಯಂಚಿಗೆ, ಎಂದರೆ ಅದರ ಅಗಲದ ನೂರಕ್ಕೆ ಸುಮಾರು ೧೦ರಿಂದ ೩೦ರಷ್ಟು ಭಾಗಕ್ಕೆ ಮಾತ್ರ ರಕ್ತನಾಳಗಳಿವೆಯೆಂದು ೧೯೮೨ರಲ್ಲಿ ಅಮೆರಿಕದ ಆರ್ನೋಸ್ಕಿ ಮತ್ತು ವಾರನ್ ಎಂಬವರು ತೋರಿಸಿದರು. ಅಂಚಿನ ಹರಿತವು ಕೂಡಿಕೊಳ್ಳುವ ಸಂಭವ ಹೆಚ್ಚು. ಒಳಭಾಗದ್ದು ಕೂಡುವುದು ದುಸ್ತರ. ಹೊಸ ಗಾಯವಾಗಿದ್ದು, ಕೀಲಿನ ಬಂಧನಗಳು ಭದ್ರವಾಗಿದ್ದರೆ ಫಲವು ಇನ್ನೂ ಉತ್ತಮ.

ಫಲದ ಲೆಕ್ಕವನ್ನು ಮುಚ್ಚಿಡದೆ ಹೇಳಬೇಕು. ಶಸ್ತ್ರಕ್ರಿಯೆಯ ತರುವಾಯ ಐದು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷಿಸಿದ ವರದಿಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ ನೂರಕ್ಕೆ ಸುಮಾರು ೨೩ ಹೊಲಿಗೆಗಳು ವಿಫಲವಾದವು. ಹೊಲಿಸಿಕೊಂಡವನು ಮತ್ತೊಮ್ಮೆ ಶಸ್ತ್ರಕ್ಕೊಳಗಾಗುವ ಸಂಭವವು ಕತ್ತರಿಸಿಕೊಂಡವನಿಗಿಂತ ಅಧಿಕ. ಇದು ಸಣ್ಣ ದೋಷವಲ್ಲ. ಆದರೆ ಹೊಲಿಗೆ ನಿಂತಲ್ಲಿ ಕೀಲಿನ ಮೂಲಧನವು ಉಳಿಯುತ್ತದೆ, ಮುಂದೆ ಸಂಧಿವಾತದ ಭಯವು ತಗ್ಗುತ್ತದೆ. ಶೀಘ್ರಲಾಭಕ್ಕಾಗಿ ಮೂಲಧನವನ್ನೇ ಕರಗಿಸುವ ವ್ಯವಹಾರವನ್ನು ಯಾವ ಗೃಹಸ್ಥನು ಮೆಚ್ಚುವನು?

ಇದರಿಂದ ಪ್ರತಿಯೊಂದು ಹರಿತಕ್ಕೂ ಶಸ್ತ್ರವೇ ಬೇಕೆಂದು ಅರ್ಥವಲ್ಲ. ವಯಸ್ಸಿನಿಂದ ಸವೆದು ಹರಿದ ಮೆತ್ತೆಯ ಮಾತೇ ಬೇರೆ. ೩೫ರಿಂದ ೬೫ ವಯಸ್ಸಿನ ಇಂತಹ ೧೪೬ ರೋಗಿಗಳಲ್ಲಿ ಕೆಲವರಿಗೆ ಮೆತ್ತೆಯನ್ನು ಕತ್ತರಿಸಿ, ಉಳಿದವರಿಗೆ ಶಸ್ತ್ರದ ನಟನೆಯನ್ನಷ್ಟೇ ನಡೆಸಿ ಫಿನ್‌ಲೆಂಡಿನ ವೈದ್ಯರು ನೋಡಿದರು. ವರ್ಷವೊಂದು ಕಳೆದ ಮೇಲೆ ನೋವಿನಲ್ಲಿ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲವೆಂದು ೨೦೧೩ರಲ್ಲಿ ಪ್ರಕಟಿಸಿದರು. ಇಂತಹವರಿಗೆ ಸಾಮಾನ್ಯವಾಗಿ ವ್ಯಾಯಾಮವೇ ಮೊದಲ ಔಷಧ.

ಹೊಲಿಗೆಯು ತಾಳ್ಮೆಯನ್ನು ಬೇಡುತ್ತದೆ. ಅನೇಕರಿಗೆ ಕೆಲವು ವಾರ ಊರುಗೋಲು, ಕೆಲವು ತಿಂಗಳು ಕುಕ್ಕರಗಾಲಿನಲ್ಲಿ ಕೂರದ ನಿಯಮ, ಆಟಕ್ಕೆ ಮರಳಲು ಅರ್ಧ ವರ್ಷದಷ್ಟು ಕಾಲ ಬೇಕಾಗುತ್ತದೆ. ನೆಲದ ಮೇಲೆ ಕುಳಿತು ಉಣ್ಣುವ ನಮ್ಮ ಜನಕ್ಕೆ ಇದು ಕಠಿಣವೇ ಸರಿ. ಆದುದರಿಂದ ರಜೆಯನ್ನು ಮಂಜೂರು ಮಾಡುವ ಅಧಿಕಾರಿಗಳೂ, ಆಟಗಾರನನ್ನು ಅವಸರಪಡಿಸುವ ತಂಡದವರೂ ಇದನ್ನು ಅರಿಯಬೇಕು. ರೋಗಿಯು ವೈದ್ಯರನ್ನು “ಎಷ್ಟು ದಿನದಲ್ಲಿ ನಡೆಯುವೆನು?” ಎಂದು ಕೇಳುವುದರ ಜೊತೆಗೆ, “ಎಷ್ಟು ವರ್ಷ ನಡೆಯುವೆನು?” ಎಂದೂ ಕೇಳಲಿ.