ನೇರವಾಗಿ ಸಾಗಲಾರದ ದೋಣಿ

ಓದುವಾಗ ಕಣ್ಣಿಗೆ ಬಿದ್ದ ವಿಚಿತ್ರ ಸಂಗತಿಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಚಪಲ ನನಗೆ ವಿದ್ಯಾರ್ಥಿದೆಸೆಯಿಂದಲೂ ಉಂಟು. ಇದರಿಂದ ವಿದ್ವತ್ತಿಗೆ ಆಗಿರುವ ಉಪಕಾರ ಸೊನ್ನೆ. ಆದರೆ ಮಳೆಗಾಲದ ಎಷ್ಟೋ ಸಂಜೆಗಳು ಹಗುರವಾಗಿ ಕಳೆದಿವೆ. ನಾಯಿಗಳನ್ನೇ ಕಚ್ಚಿದ ಮೊಲ, ಕತ್ತೆಯನ್ನು ಹೊತ್ತುಕೊಂಡು ಹೋಗಿ ಕತ್ತೆಯ ಬೆನ್ನಿನ ಮೇಲೆ ಊರಿಗೆ ಮರಳುವ ದೋಣಿ, ಪ್ರಳಯವನ್ನು ದಾಟಿದ ಗುಂಡನೆಯ ನಾವೆ, ಇಂಥವೇ ಅದರ ತುಂಬ. ಅದರ ಒಂದು ಪುಟದ ತಲೆಯಲ್ಲಿ ‘ಆನೆಗೊಂದಿ: ನೇರವಾಗಿ ಸಾಗಲಾರದ ದೋಣಿ’ ಎಂದು ಬಹಳ ವರ್ಷಗಳ ಹಿಂದೆ ಬರೆದಿದ್ದೆ. ಈಚೆಗೆ ಆ ಸಾಲನ್ನು ಹೊಡೆದುಹಾಕಬೇಕಾಯಿತು. ಹಾಗೆ ಮಾಡಿಸಿದವನು ಪಂಡಿತನಲ್ಲ, ಒಬ್ಬ ಅಂಬಿಗ. ಆ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆನೆಗೊಂದಿ ಇರುವುದು ತುಂಗಭದ್ರೆಯ ಉತ್ತರದ ದಡದಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ. ಎದುರಿನ ದಡದಲ್ಲಿ ಹಂಪೆ. ಆನೆಗಳಿದ್ದ ಗೊಂದಿಯೇ ಆನೆಗೊಂದಿ ಎಂದು ಜನ ಹೆಸರನ್ನು ಬಿಡಿಸುತ್ತಾರೆ. ಇದೇ ವಾಲಿ ಸುಗ್ರೀವರ ಕಿಷ್ಕಿಂಧೆಯೆಂದೂ ಬಳಿಯ ಅಂಜನಾದ್ರಿಯೇ ಹನುಮಂತನು ಹುಟ್ಟಿದ ಬೆಟ್ಟವೆಂದೂ ನಂಬುತ್ತಾರೆ. ಹಂಪೆಗೆ ಬಂದ ಹತ್ತು ಮಂದಿಯಲ್ಲಿ ಒಬ್ಬನಾದರೂ ಹೊಳೆ ದಾಟಿ ಇಲ್ಲಿಗೆ ಬಂದಾನೋ ಇಲ್ಲವೋ! ಆದರೆ ಹಳಮೆಯಲ್ಲಿ ಆನೆಗೊಂದಿಯೇ ಅಕ್ಕ, ಹಂಪೆ ತಂಗಿ.

ಮೊಲದ ಕಥೆ ಈ ಅಕ್ಕತಂಗಿಯರಿಗೇ ಸೇರಿದ್ದು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಅದನ್ನು ಬರೆದಿಟ್ಟಿದ್ದಾನೆ. ಆನೆಗೊಂದಿಯ ಅರಸನು ಹೊಳೆ ದಾಟಿ ಆಚೆಯ ಕಾಡಿಗೆ ಬೇಟೆಗೆ ಹೋದಾಗ, ಓಡಿಹೋಗಬೇಕಾದ ಮೊಲವು ತಿರುಗಿ ನಿಂತು ಬೇಟೆನಾಯಿಗಳನ್ನು ಕಚ್ಚಿತಂತೆ. ಆ ಮಣ್ಣಿನ ಮಹಿಮೆಯನ್ನು ಸಂನ್ಯಾಸಿಯೊಬ್ಬನಿಂದ ತಿಳಿದು ಅರಸನು ಅಲ್ಲಿಯೇ ನಗರವನ್ನು ಕಟ್ಟಿಸಿದನಂತೆ. ಮೊಲವನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ನನ್ನ ಲಕ್ಷ್ಯವೆಲ್ಲ ಕಥೆಯಲ್ಲಿ ಎಲ್ಲರೂ ಮರೆಯುವ ಒಂದು ಸಣ್ಣ ಮಾತಿನ ಮೇಲೆ: ಅರಸನು ಹೊಳೆ ದಾಟಿದನು. ಯಾವುದರಲ್ಲಿ ದಾಟಿದನು?

ಉತ್ತರ ಮತ್ತೊಬ್ಬ ಪೋರ್ಚುಗೀಸನಲ್ಲಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಡೊಮಿಂಗೊ ಪಾಯೆಸ್ ನಮ್ಮ ಊರನ್ನು ‘ಸೆನಗುಂಡಿಂ’ ಎಂದು ಕರೆದಿದ್ದಾನೆ. ಹಿಂದೆ ಇದು ರಾಜಧಾನಿಯಾಗಿತ್ತು, ಈಗ ಜನ ವಿರಳ, ಗೋಡೆಗಳು ಮಾತ್ರ ಭದ್ರ ಎಂದು ಹೇಳಿ, ಅಲ್ಲಿಗೆ ದಾಟಿಸುವ ದೋಣಿಯ ಕಡೆಗೆ ತಿರುಗುತ್ತಾನೆ. ಅದು ಬುಟ್ಟಿಯಂತೆ ಗುಂಡಾಗಿದೆ. ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಒಯ್ಯುತ್ತದೆ. ಆದರೆ ಬೇರೆ ದೋಣಿಗಳಂತೆ ನೇರವಾಗಿ ಸಾಗಲಾರದೆ ಸದಾ ಸುತ್ತುತ್ತಲೇ ಇರುತ್ತದೆ ಎಂಬುದು ಅವನ ವರ್ಣನೆಯ ಸಾರಾಂಶ. ನಮ್ಮ ಹರಿಗೋಲನ್ನು ಇದಕ್ಕಿಂತ ಸ್ಪಷ್ಟವಾಗಿ ಚಿತ್ರಿಸುವುದು ಕಷ್ಟ. ಆ ಬರಹವಾದರೋ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸಿವೆಲ್ಲನ ಗ್ರಂಥದ ಮೂಲಕ ಇಂಗ್ಲಿಷಿಗೆ ಬಂತು. ನನ್ನ ಪುಸ್ತಕದ ಆ ತಲೆಬರಹ ಪಾಯೆಸನಿಂದ ಎತ್ತಿಕೊಂಡದ್ದೇ.

ಬುಟ್ಟಿದೋಣಿ ನಮಗೊಬ್ಬರಿಗೇ ಮೀಸಲಾದುದಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೊಟಸನು ಬ್ಯಾಬಿಲೋನಿಗೆ ಹೊಳೆಯಲ್ಲಿ ಇಳಿದುಬರುತ್ತಿದ್ದ ಇಂಥ ದೋಣಿಗಳನ್ನು ಬಣ್ಣಿಸಿದ್ದಾನೆ. ಪ್ರತಿ ದೋಣಿಯಲ್ಲಿಯೂ ಒಂದು ಕತ್ತೆ. ಊರು ಸೇರಿದ ಮೇಲೆ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಸುತ್ತಿ ಕತ್ತೆಯ ಮೇಲೆ ಹೇರಿ, ನೆಲದ ದಾರಿಯಲ್ಲಿ ಹಿಂದಿರುಗುತ್ತಿದ್ದರು. ಏಕೆಂದರೆ ಸೆಳವಿಗೆ ಎದುರಾಗಿ ಆ ದೋಣಿ ಏರದು. ಅದೇ ನಾಡಿನಲ್ಲಿ ಸುಮಾರು ಮೂರೂಮುಕ್ಕಾಲು ಸಾವಿರ ವರ್ಷಗಳ ಹಿಂದೆ ಬರೆದ ಮಣ್ಣಿನ ಹಲಗೆಯೊಂದನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಅರ್ವಿಂಗ್ ಫಿಂಕೆಲ್ ಓದಿ 2014ರಲ್ಲಿ ಪ್ರಕಟಿಸಿದರು. ಅದರಲ್ಲಿ ಜಲಪ್ರಳಯದಿಂದ ಜೀವಿಗಳನ್ನು ಉಳಿಸಿದ ನಾವೆಗೆ ದೇವರು ಕೊಟ್ಟ ಅಳತೆಯಿದೆ. ಆ ನಾವೆ ವೃತ್ತಾಕಾರದ್ದು, ಒಂದು ದೈತ್ಯ ಹರಿಗೋಲು! ಆ ಅಳತೆಯ ಪ್ರಕಾರವೇ, ಗಾತ್ರವನ್ನು ಮಾತ್ರ ಕುಗ್ಗಿಸಿ, ಕೇರಳದ ಹಿನ್ನೀರಿನಲ್ಲಿ ಒಂದನ್ನು ಕಟ್ಟಿ ತೇಲಿಸಿಯೂ ನೋಡಿದರು. ಪ್ರಳಯದಲ್ಲಿ ತಲಪಬೇಕಾದ ದಡವಾದರೂ ಎಲ್ಲಿದೆ? ಮುಳುಗದಿದ್ದರೆ ಸಾಕು. ಹಾಗೆ ನೋಡಿದರೆ ಗುಂಡು ಆಕಾರವೇ ಲೇಸು.

ಇಷ್ಟೆಲ್ಲ ಸರಕನ್ನು ತಲೆಯಲ್ಲಿ ತುಂಬಿಕೊಂಡು ಕಳೆದ ಮಾಘಮಾಸದಲ್ಲಿ ನಾನು ನಾಲ್ವರು ವಿದ್ಯಾರ್ಥಿಗಳೊಡನೆ ಆನೆಗೊಂದಿಯ ದಡಕ್ಕೆ ಬಂದೆನು. ನಾವು ಹೊರಟದ್ದು ನವಬೃಂದಾವನಕ್ಕೆ. ಹೊಳೆಯ ನಡುಗಡ್ಡೆಯ ಮೇಲೆ ಮಾಧ್ವ ಯತಿಗಳ ಒಂಬತ್ತು ಬೃಂದಾವನಗಳಿರುವ ಕ್ಷೇತ್ರವದು. ದಡದಲ್ಲಿ ಬೋರಲು ಹಾಕಿದ್ದ ಹರಿಗೋಲುಗಳು ದೊಡ್ಡ ಆಮೆಗಳಂತೆ ಬಿಸಿಲು ಕಾಯುತ್ತಿದ್ದವು. ಬಿದಿರ ಸೀಳುಗಳ ಹೆಣಿಗೆ ಪಾಯೆಸ್ ಕಂಡ ಹಾಗೆಯೇ ಇದೆ. ತೊಗಲಿನ ಸ್ಥಾನದಲ್ಲಿ ಮಾತ್ರ ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ.

ದೋಣಿ ನೀರಿಗೆ ಇಳಿದೊಡನೆ ನನ್ನ ಉಪನ್ಯಾಸವೂ ಆರಂಭವಾಯಿತು. ಪಾಯೆಸ್ ಬಂದನು, ಹೆರೊಡೊಟಸ್ ಬಂದನು, ಕತ್ತೆಯೂ ಬಂತು. ‘ಈ ದೋಣಿಯ ವೈಚಿತ್ರ್ಯವೇನೆಂದರೆ ಇದು ನೇರವಾಗಿ ಸಾಗಲಾರದು’ ಎಂದು ನಾನು ಮುಗಿಸುತ್ತಿದ್ದಂತೆ ಒಬ್ಬ ಹುಡುಗಿ ಮೆಲ್ಲನೆ, ‘ಸರ್, ನಾವು ನೇರವಾಗಿಯೇ ಹೋಗುತ್ತಿದ್ದೇವಲ್ಲ!’ ಎಂದಳು. ನೋಡಿದೆ. ಹೊರಟ ಕಲ್ಲು ಬೆನ್ನ ಹಿಂದೆ, ಮುಟ್ಟಬೇಕಾದ ಕಲ್ಲು ಕಣ್ಣ ಮುಂದೆ. ನಡುವೆ ನೂಲು ಹಿಡಿದಂತೆ ಹರಿಗೋಲು ಸಾಗುತ್ತಿತ್ತು.

ಅಂಬಿಗನು ಅರವತ್ತು ದಾಟಿದವನು. ಹುಟ್ಟನ್ನು ನಿಲ್ಲಿಸದೆಯೇ ನಕ್ಕನು. ‘ತಿರಗೂದು ಬುಟ್ಟಿ ಗುಣರೀ. ತಿರಗದಂಗ ನಡಸೂದು ನಮ್ಮ ಕೆಲಸ’ ಎಂದನು.

ಆಮೇಲೆ ಅವನ ಕೈಯನ್ನೇ ಗಮನಿಸುತ್ತ ಕುಳಿತೆ. ಉದ್ದನೆಯ ದೋಣಿಗೆ ಮುಂದು ಹಿಂದು ಉಂಟು. ಅದರ ಉದ್ದವೇ ಅದನ್ನು ದಾರಿಯಲ್ಲಿ ಹಿಡಿದಿಡುತ್ತದೆ. ಗುಂಡಾದುದಕ್ಕೆ ಆ ಆಧಾರವಿಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ತನ್ನ ಸುತ್ತ ತಾನೇ ಸುತ್ತುತ್ತದೆ. ಆದುದರಿಂದ ಅಂಬಿಗನು ಹಿಂದೆ ಕುಳಿತು ನೀರನ್ನು ತಳ್ಳುವುದಿಲ್ಲ. ಮುಂದಿನ ಅಂಚಿಗೆ ನಿಂತು, ಎದುರಿನ ನೀರನ್ನು ಒಮ್ಮೆ ಬಲದಿಂದ ಒಮ್ಮೆ ಎಡದಿಂದ ತನ್ನತ್ತ ಎಳೆದುಕೊಳ್ಳುತ್ತಾನೆ. ಕೈಹಿಡಿದ ಮಗುವಿನಂತೆ ದೋಣಿ ಹಿಂದೆ ಬರುತ್ತದೆ. ಹಾಗಾದರೆ ಇಷ್ಟು ಕಷ್ಟಕೊಡುವ ಆಕಾರವೇ ಏಕೆ? ತುಂಗಭದ್ರೆ ಇಲ್ಲಿ ಬಂಡೆಗಳ ನಡುವೆ ಹರಿಯುವ ಹೊಳೆ. ನೀರಿನೊಳಗೆ ಆಳವಾಗಿ ಇಳಿಯುವ ದೋಣಿಯ ಅಡಿ ಬಂಡೆಗೆ ತಾಗಿ ಒಡೆದೀತು. ಹರಿಗೋಲು ನೀರಿನ ಮೇಲ್ಮೈಯಲ್ಲಿಯೇ ತೇಲುತ್ತದೆ, ಬಂಡೆಗೆ ತಗಲಿದರೆ ಬಾಗುತ್ತದೆ, ತಿರುಗಿ ಜಾರಿಕೊಳ್ಳುತ್ತದೆ. ಪಾಯೆಸನು ದೋಷವೆಂದು ಎಣಿಸಿದ ಆ ತಿರುಗುವಿಕೆಯೇ ಅದನ್ನು ಐದು ನೂರು ವರ್ಷ ಉಳಿಸಿದೆ.

ಈ ಅವಧಿಯಲ್ಲಿ ಎರಡೂ ದಡಗಳಲ್ಲಿ ಏನೇನು ಆಗಿಹೋಯಿತು! ಹೊಳೆ ದಾಟಿದ ರಾಜಧಾನಿ 1565ರಲ್ಲಿ ಹಾಳಾಯಿತು. ಬಹುಕಾಲ ಈ ದಡ ಹೈದರಾಬಾದಿನ ನಿಜಾಮರದು, ಆ ದಡ ಮದರಾಸು ಪ್ರಾಂತದ್ದು; ಹುಟ್ಟು ಹಾಕಿದಷ್ಟು ಹೊತ್ತಿನಲ್ಲಿ ಅಂಬಿಗನು ಒಂದು ಸರಕಾರದಿಂದ ಇನ್ನೊಂದಕ್ಕೆ ಜನರನ್ನು ದಾಟಿಸುತ್ತಿದ್ದನು. 1956ರಲ್ಲಿ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. ಹಂಪೆಯ ಪುರಂದರ ಮಂಟಪದ ಬಳಿ ಪ್ರಾಚೀನ ಸೇತುವೆಯೊಂದರ ಕಲ್ಲುಕಂಬಗಳು ಇಂದಿಗೂ ಹೊಳೆಯಲ್ಲಿ ನಿಂತಿವೆ. ಮೇಲಿನ ದಾರಿ ಎಂದೋ ಕೊಚ್ಚಿಹೋಗಿದೆ. ನಮ್ಮ ಕಾಲದಲ್ಲಿ ತಳವಾರಘಟ್ಟಕ್ಕೂ ಆನೆಗೊಂದಿಗೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿ 22ರಂದು ಕುಸಿದು, ಕೆಲಸದಲ್ಲಿದ್ದ ಹಲವರು ಜೀವ ಕಳೆದುಕೊಂಡರು. ಈಗ ಕಡೇಬಾಗಿಲಿನ ಬಳಿ ಬೇರೊಂದು ಸೇತುವೆ ಎದ್ದಿದೆ. ಬಸ್ಸು, ಲಾರಿ, ಭತ್ತದ ಗಾಡಿಗಳೆಲ್ಲ ಅದರ ಮೇಲೆ ಹೋಗುತ್ತವೆ. ಹೋಗಲೇಬೇಕು. ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ಪ್ರವಾಹದ ರಾತ್ರಿ ಬುಟ್ಟಿಯಲ್ಲಿ ದಾಟಿಸಬೇಕೆಂದು ಹಳಮೆಯ ಯಾವ ಅಭಿಮಾನಿಯೂ ಬಯಸಲಾರನು.

ಹಿಂದಿರುಗುವಾಗ ಅಂಬಿಗನನ್ನು ಕೇಳಿದೆ: ‘ಮಗನಿಗೆ ಈ ವಿದ್ಯೆಯನ್ನು ಕಲಿಸಿದ್ದೀಯಾ?’

ಅವನು ಹೊಳೆಯ ಕೆಳಗಡೆಗೆ ಗದ್ದ ತೋರಿಸಿದನು. ಅಲ್ಲೊಂದು ಹರಿಗೋಲಿನಲ್ಲಿ ಪಟ್ಟಣದ ನಾಲ್ಕಾರು ಜನ ಕುಳಿತಿದ್ದರು. ತರುಣನೊಬ್ಬ ಒಂದೇ ಪಕ್ಕದಲ್ಲಿ ಬಿರುಸಾಗಿ ಹುಟ್ಟು ಹಾಕುತ್ತಿದ್ದನು. ದೋಣಿ ಬುಗುರಿಯಂತೆ ಗಿರ್ರನೆ ತಿರುಗುತ್ತಿತ್ತು. ಕುಳಿತವರು ಕೇಕೆ ಹಾಕುತ್ತ ಚಿತ್ರ ತೆಗೆಯುತ್ತಿದ್ದರು. ‘ತಿರಗಸೂದು ಚಲೋ ಕಲ್ತಾನ್ರೀ. ಅದಕ್ಕ ರೊಕ್ಕ ಕೊಡ್ತಾರ. ನೆಟ್ಟಗ ಹೊಡಿಯೂದು ಈಗ ಯಾರಿಗೆ ಬೇಕಾಗೇತಿ?’ ಎಂದು ಅವನು ಮತ್ತೆ ನಕ್ಕನು. ಈ ಸಲದ ನಗೆಯಲ್ಲಿ ನಾನು ಪಾಲುಗೊಳ್ಳಲಾರದೆ ಹೋದೆ. ತಲೆಮಾರುಗಳಿಂದ ಯಾವುದನ್ನು ತಡೆಯುವುದು ಅಂಬಿಗನ ವಿದ್ಯೆಯಾಗಿತ್ತೋ ಅದನ್ನೇ ಇಂದು ಹಣ ಕೊಟ್ಟು ಕೊಳ್ಳುತ್ತಿದ್ದೇವೆ. ನನ್ನ ಪುಸ್ತಕದ ಸಾಲೂ ಅದೇ ಜಾತಿಯದು. ಪಾಯೆಸನಾದರೂ ಅನ್ಯದೇಶದವನು, ಹೊಸಬನು. ದೋಣಿಯನ್ನು ಕಂಡನು, ಕೈಯನ್ನು ಕಾಣಲಿಲ್ಲ. ಈ ನಾಡಿನಲ್ಲಿಯೇ ಹುಟ್ಟಿದ ನನಗೆ ಆ ನೆಪವೂ ಇಲ್ಲ.

ಕನ್ನಡದ ಕವಿಗಳು ಈ ತಪ್ಪನ್ನು ಮಾಡಲಿಲ್ಲ. ಅಂಬಿಗರ ಚೌಡಯ್ಯನು 12ನೆಯ ಶತಮಾನದಲ್ಲಿ ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತವನ್ನಾಗಿ ಮಾಡಿಕೊಂಡನು. ಪುರಂದರದಾಸರ ಪ್ರಸಿದ್ಧ ಪದದಲ್ಲಿ ಈ ದೇಹ ತೂತುಬಿದ್ದ ಹರಿಗೋಲು, ದೇವರು ಅಂಬಿಗ. ಅವರ ಗುರುಗಳಾದ ವ್ಯಾಸರಾಯರು 1539ರಲ್ಲಿ ಬೃಂದಾವನಸ್ಥರಾದದ್ದು ನಾವು ಅಂದು ದಾಟಿ ನೋಡಿಬಂದ ನಡುಗಡ್ಡೆಯಲ್ಲಿಯೇ. ದಾಸರು ಕೂಗಿ ಕರೆದದ್ದು ದೋಣಿಯನ್ನಲ್ಲ, ಅಂಬಿಗನನ್ನು.

ಮನೆಗೆ ಬಂದು ಹಳೆಯ ಸಾಲನ್ನು ಹೊಡೆದು, ‘ಆನೆಗೊಂದಿ: ಸುತ್ತುವ ದೋಣಿಯನ್ನು ನೇರವಾಗಿ ನಡೆಸುವವರು’ ಎಂದು ಬರೆದೆನು. ವಿದ್ಯಾರ್ಥಿಗಳಿಗೂ ಅಧ್ಯಾಪಕ ಮಿತ್ರರಿಗೂ ನನ್ನದೊಂದು ವಿಜ್ಞಾಪನೆ. ಮುಂದೆ ಆ ಕಡೆ ಹೋದಾಗ ದಡದ ಹರಿಗೋಲುಗಳಲ್ಲಿ ವಯಸ್ಸಾದವನ ಹರಿಗೋಲನ್ನು ಆರಿಸಿ ಹತ್ತಿರಿ. ಸುತ್ತಿಸಬೇಡ, ನೆಟ್ಟಗೆ ನಡೆಸು ಎಂದು ಹೇಳಿರಿ. ಅದಕ್ಕೂ ಅಷ್ಟೇ ಹಣ ಕೊಡಿರಿ. ಮಗನೂ ನೋಡುತ್ತಿರುತ್ತಾನೆ.